ಮರೆ ಕಟ್ಟಿ ಬಣ್ಣ ಹೊಡೆಯುವ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ವಸ್ತುಪ್ರದರ್ಶನದ ದಿನ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಲ್ಲಿ ನನಗಿಂತ ಮುಂಚೆ ಮಾತಾಡಿದವರಲ್ಲಿ ಡಾಕ್ಟರಿದ್ದಾರೆ, ಇಂಜಿನಿಯರಿದ್ದಾರೆ, ಉಪನ್ಯಾಸಕರಿದ್ದಾರೆ. ನಾನು ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಬಣ್ಣ ಹೊಡೆಯುವವನು. ಟ್ರ್ಯಾಕ್ಟರ್ ಟ್ರೇಲರ್, ಲಾರಿ ಬಾಡಿ, ಕಬ್ಬಿಣದ ಬೀರು, ಗೇಟು, ಇವು ನನ್ನ ಕೆಲಸ. ರಾತ್ರಿ ಹೊತ್ತು ಮನೆಯಲ್ಲಿ ಕುಳಿತು ಸಣ್ಣ ಮಾದರಿ ವಾಹನಗಳಿಗೆ ಬಣ್ಣ ಹಾಕುವುದು ನನ್ನ ಹವ್ಯಾಸ. ಪ್ರದರ್ಶನದ ಮೂರನೇ ಕೊಠಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿರುವ ಟಿ-55 ಟ್ಯಾಂಕು ಹಾಗೆ ಮಾಡಿದ್ದು. ಬೆಳಿಗ್ಗೆಯಿಂದ ಮಕ್ಕಳು ಅದರ ಸುತ್ತ ನಿಂತು ಕೇಳುತ್ತಿರುವುದು ಎರಡೇ ಪ್ರಶ್ನೆ. ಮೊದಲನೆಯದು, "ಅಣ್ಣಾ, ಮೇಲಿನ ಹಸಿರು ಪಟ್ಟೆ ಸ್ಟಿಕ್ಕರಾ?" ಎರಡನೆಯದು, "ಹಂಗೆ ಯಾಕೆ ಬಣ್ಣ ಬಳೀತಾರೆ?" ಮುಖ್ಯೋಪಾಧ್ಯಾಯರು ಅದಕ್ಕೇ ಉತ್ತರ ಹೇಳಿಬಿಡಿ ಎಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಯಾಕೆ ಎಂಬುದಕ್ಕೆ ಉತ್ತರ ಜಗಳೂರು ತಾಲ್ಲೂಕಿನಲ್ಲೇ ಇದೆ. ಅಲ್ಲಿನ ರಂಗಯ್ಯನದುರ್ಗದ ಕಾಡು ಕೊಂಡುಕುರಿಗಳಿಗಾಗಿ ಕಾಯ್ದಿಟ್ಟ ಅಭಯಾರಣ್ಯ. ಕೊಂಡುಕುರಿಯ ಬೆನ್ನು ಕಂದು, ಹೊಟ್ಟೆಯ ಕಡೆ ಬಿಳುಪು. ಬಿಸಿಲು ಮೇಲಿನಿಂದ ಬೀಳುವುದರಿಂದ ಯಾವ ವಸ್ತುವಿಗಾದರೂ ಮೇಲ್ಭಾಗ ಬೆಳಗುತ್ತದೆ, ಕೆಳಭಾಗ ನೆರಳಾಗುತ್ತದೆ. ಆ ಬೆಳಕು ನೆರಳಿನಿಂದಲೇ ಇದು ಉಬ್ಬಿದ ವಸ್ತು, ಇದು ಪ್ರಾಣಿ ಎಂದು ಕಣ್ಣಿಗೆ ಗೊತ್ತಾಗುವುದು. ಬೆಳಗುವ ಕಡೆ ಕಪ್ಪು, ನೆರಳಿನ ಕಡೆ ಬಿಳುಪು ಇದ್ದರೆ ಲೆಕ್ಕ ಸರಿದೂಗಿ ಪ್ರಾಣಿ ಹಿಂದಿನ ನೆಲದಲ್ಲಿ ಕರಗಿದಂತೆ ಕಾಣುತ್ತದೆ. ಇದನ್ನು ನೂರು ವರ್ಷಗಳಿಗೂ ಹಿಂದೆ ವಿವರಿಸಿ ಬರೆದವನು ಅಮೆರಿಕದ ಅಬಟ್ ಥೇಯರ್. ಅವನು ವಿಜ್ಞಾನಿ ಅಲ್ಲ, ಚಿತ್ರಕಾರ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಫ್ರಾನ್ಸಿನ ಸೇನೆ ಮರೆಮಾಚುವ ಕೆಲಸಕ್ಕೆಂದೇ ಒಂದು ವಿಭಾಗ ಕಟ್ಟಿದಾಗಲೂ ಅದರೊಳಗೆ ಸೇರಿಸಿಕೊಂಡಿದ್ದು ಚಿತ್ರಕಾರರನ್ನು, ನಾಟಕದ ಪರದೆ ಬರೆಯುವವರನ್ನು. ಕ್ಯಾಮಫ್ಲಾಜ್ ಎಂಬ ಮಾತು ಜಗತ್ತಿನ ಬಾಯಿಗೆ ಬಂದಿದ್ದು ಆಗಲೇ.

ಪಟ್ಟೆಯ ಕೆಲಸ ಬೇರೆ. ಚಿರತೆಯ ಮೈಮೇಲಿನ ಚುಕ್ಕೆಯಂತೆ ಅದು ಆಕಾರವನ್ನು ಒಡೆಯುತ್ತದೆ. ಕಣ್ಣು ವಸ್ತುವನ್ನು ಗುರುತು ಹಿಡಿಯುವುದು ಅದರ ಅಂಚಿನಿಂದ. ಹಸಿರು ಪಟ್ಟೆಯೊಂದು ಟ್ಯಾಂಕಿನ ಬದಿಯಿಂದ ಹೊರಟು ಮೂಲೆ ದಾಟಿ ಮೇಲಕ್ಕೆ ಹತ್ತಿದರೆ ಆ ಮೂಲೆಯ ಗೆರೆ ಕಣ್ಣಿಗೆ ತಪ್ಪುತ್ತದೆ. ಆದ್ದರಿಂದ ಮಾದರಿಗೆ ಬಣ್ಣ ಹಾಕುವವರಿಗೆ ಮೊದಲ ಪಾಠ ಇದು: ಪಟ್ಟೆಯನ್ನು ಒಂದೊಂದು ತಗಡಿನೊಳಗೆ ಅಚ್ಚುಕಟ್ಟಾಗಿ ಮುಗಿಸಬಾರದು. ಅದು ಮೂಲೆಗಳನ್ನು ದಾಟಲೇಬೇಕು, ಗೋಪುರದಿಂದ ಫಿರಂಗಿಯ ನಳಿಗೆಗೂ ಹರಿಯಬೇಕು. ರಂಗೋಲಿಯ ಹಾಗೆ ಎಡಕ್ಕೊಂದು ಬಲಕ್ಕೊಂದು ಸಮ ಇಟ್ಟರೆ ನೋಡಲು ಚೆಂದ, ಅಡಗಲು ಕೆಟ್ಟದ್ದು.

ಆಕಾರ ಎಂದೆ. ಅದಕ್ಕೆ ನಮ್ಮ ಕರ್ನಾಟಕದವರೇ ಆದ ಒಬ್ಬರ ಕಥೆ ಹೇಳಬೇಕು. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದಲ್ಲಿ ಮೇಜರ್ ಜನರಲ್. ಲಡಾಖಿನ ದಾರಿಯಲ್ಲಿರುವ ಜೋಜಿ ಲಾ ಕಣಿವೆ ಶತ್ರುವಿನ ಹಿಡಿತದಲ್ಲಿತ್ತು. ಎತ್ತರ 11,500 ಅಡಿಗೂ ಹೆಚ್ಚು. ಅಷ್ಟು ಮೇಲಕ್ಕೆ ಟ್ಯಾಂಕು ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ತಿಮ್ಮಯ್ಯನವರು 7ನೇ ಕ್ಯಾವಲ್ರಿಯ ಸ್ಟುವರ್ಟ್ ಎಂಬ ಹಗುರ ಟ್ಯಾಂಕುಗಳನ್ನು ತರಿಸಿದರು. ಅವು ಶ್ರೀನಗರ ದಾಟಿದ್ದು ಭಾಗಗಳನ್ನು ಕಳಚಿದ ಸ್ಥಿತಿಯಲ್ಲಿ. ಹೇಸರಗತ್ತೆ ಹೋಗುವ ಕಾಲುದಾರಿಯನ್ನು ಅಗಲ ಮಾಡಿ ಕೊಟ್ಟವರು ಮದ್ರಾಸ್ ಸ್ಯಾಪರ್ಸ್. ಆ ಪಡೆಯ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ. 1948ರ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯಲ್ಲಿ ಕಾಣಿಸಿಕೊಂಡಾಗ ಎದುರಿದ್ದವರು ಕಂಗಾಲಾದರು, ಜೋಜಿ ಲಾ ನಮ್ಮ ಕೈಸೇರಿತು. ಗೋಪುರ ಮತ್ತು ನಳಿಗೆ ಇಲ್ಲದ ಟ್ಯಾಂಕು ನೋಡುವವರ ಕಣ್ಣಿಗೆ ಟ್ಯಾಂಕೇ ಅಲ್ಲ. ಒಂದು ಡಬ್ಬಿ ಬಣ್ಣ ಮಾಡುವ ಕೆಲಸವನ್ನು ಅಲ್ಲಿ ಸ್ಪ್ಯಾನರು ಮಾಡಿತು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ. ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು 2021ರ ಫೆಬ್ರವರಿ 6ರಂದು ಅದನ್ನು ಉದ್ಘಾಟಿಸಿದರು. ಅಲ್ಲಿ ನಿಜವಾದ ಟಿ-55 ಟ್ಯಾಂಕು ನಿಂತಿದೆ. ಶಾಲೆಯ ಪ್ರವಾಸ ಆ ಕಡೆ ಹೋದರೆ ಮಕ್ಕಳು ತಪ್ಪದೆ ನೋಡಿ ಬನ್ನಿ. ಟಿ-55 ನಮ್ಮ ಸೇನೆಯಲ್ಲಿದ್ದು 1971ರ ಯುದ್ಧದಲ್ಲಿ ಹೋರಾಡಿದ ಟ್ಯಾಂಕು.

ಇನ್ನು ಮೊದಲ ಪ್ರಶ್ನೆ. ಸ್ಟಿಕ್ಕರ್ ಅಲ್ಲ, ಮರೆ ಕಟ್ಟಿ ಹೊಡೆದ ಬಣ್ಣ. ಶೆಡ್ಡಿನಲ್ಲಿ ನಾವು ಮಾಸ್ಕಿಂಗ್ ಎನ್ನುತ್ತೇವೆ. ಬಣ್ಣ ಬೀಳಬಾರದ ಕಡೆ ಮುಚ್ಚುವುದು, ಬೀಳಬೇಕಾದ ಕಡೆ ಬಿಡುವುದು. ಟ್ರೇಲರಿನ ನೀಲಿ ಬದಿಗೆ ಹಳದಿ ಪಟ್ಟಿ ಬರಬೇಕಾದರೆ ಮಾಸ್ಕಿಂಗ್ ಟೇಪು ಎಳೆದು ಅದರಾಚೆ ರದ್ದಿ ಪೇಪರ್ ಅಂಟಿಸಿ ಗನ್ ಹಿಡಿಯುತ್ತೇವೆ. ಈ ಟೇಪು ಹುಟ್ಟಿದ್ದೇ ನಮ್ಮಂಥ ಶೆಡ್ಡಿನ ಕಷ್ಟದಿಂದ. ಅಮೆರಿಕದಲ್ಲಿ ಆಗ ಎರಡು ಬಣ್ಣದ ಕಾರುಗಳ ಕಾಲ. ಪೇಂಟರುಗಳು ಕಾಗದವನ್ನು ಗಟ್ಟಿ ಅಂಟಿನಲ್ಲಿ ಅಂಟಿಸಿ, ಕೀಳುವಾಗ ಕೆಳಗಿನ ಹೊಸ ಬಣ್ಣವೂ ಕಿತ್ತು ಬಂದು ಬಯ್ದುಕೊಳ್ಳುತ್ತಿದ್ದರು. ಉಜ್ಜು ಕಾಗದವನ್ನು ಪರೀಕ್ಷೆಗೆ ಕೊಡಲು ಅಂಥ ಶೆಡ್ಡಿಗೆ ಹೋಗಿದ್ದ 3ಎಂ ಕಂಪನಿಯ ರಿಚರ್ಡ್ ಡ್ರೂ ಎಂಬ ಹುಡುಗ ಅದನ್ನು ಕೇಳಿಸಿಕೊಂಡು, ಹಿಡಿಯುವಷ್ಟು ಹಿಡಿದು ಬಿಡುವಾಗ ಸುಮ್ಮನೆ ಬಿಡುವ ಟೇಪನ್ನು 1925ರಲ್ಲಿ ಮಾಡಿಕೊಟ್ಟ. ಕೆಲಸಗಾರನ ಬೈಗುಳವನ್ನು ಕಿವಿಗೊಟ್ಟು ಕೇಳಿದ್ದರಿಂದ ಬಂದ ವಸ್ತು ಅದು.

ಶೆಡ್ಡಿನ ಮಾಸ್ಕಿಂಗಿಗೂ ಮಾದರಿಯ ಮಾಸ್ಕಿಂಗಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಟ್ರೇಲರಿನ ಪಟ್ಟಿಯ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗಿದ್ದರೆ ಪೇಂಟರಿಗೆ ಹೆಸರು. ಟ್ಯಾಂಕಿನ ಪಟ್ಟೆಯ ಅಂಚು ಅನೇಕ ಸಲ ಮಂಜು ಮಂಜಾಗಿರುತ್ತದೆ. ಯಾಕೆಂದರೆ ನಿಜವಾದ ಟ್ಯಾಂಕಿಗೆ ಎಷ್ಟೋ ವೇಳೆ ಯಾರೂ ಟೇಪು ಹಾಕಿರುವುದಿಲ್ಲ, ಗನ್ನಿನಲ್ಲಿ ನೇರವಾಗಿ ಹೊಡೆದಿರುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ 1943ರಿಂದ ಕಾರ್ಖಾನೆಯಲ್ಲಿ ಮಾಸಲು ಹಳದಿ ಮಾತ್ರ ಹೊಡೆದು, ಹಸಿರು ಮತ್ತು ಕೆಂಗಂದು ಬಣ್ಣವನ್ನು ಮುದ್ದೆಯ ರೂಪದಲ್ಲಿ ಟ್ಯಾಂಕಿನವರ ಕೈಗೇ ಕೊಡುತ್ತಿತ್ತು. ಅವರು ಸಿಕ್ಕಿದ್ದರಲ್ಲಿ ತೆಳು ಮಾಡಿ ತಾವಿದ್ದ ನೆಲಕ್ಕೆ ತಕ್ಕಂತೆ ಹೊಡೆದುಕೊಳ್ಳುತ್ತಿದ್ದರು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಇದಕ್ಕೆ ತಿರುಗುಮುರುಗಾದದ್ದು ಬ್ರಿಟಿಷರು 1940-41ರಲ್ಲಿ ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಬಳಸಿದ ಕಾಂಟರ್ ಮಾದರಿ. ಅದರಲ್ಲಿ ಓರೆಯಾದ ನೇರ ಗೆರೆಗಳು, ಚೂಪು ಅಂಚು. ಆದ್ದರಿಂದ ಟೇಪು ಕೈಗೆತ್ತಿಕೊಳ್ಳುವ ಮುಂಚೆ ಫೋಟೋ ನೋಡಬೇಕು. ಅಂಚು ಚೂಪೋ ಮಂಜೋ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಇಲ್ಲಿ ಗಣಿತ ಬರುತ್ತದೆ, ಒಂಬತ್ತನೇ ತರಗತಿಯವರು ಗಮನಿಸಿ. ನನ್ನ ಮಾದರಿಯ ಅಳತೆ 1:35. ಜಪಾನಿನ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮಾಡಿದ ಟ್ಯಾಂಕಿನೊಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸಬೇಕಿತ್ತು. ಅವು ಕೂರುವಷ್ಟು ಜಾಗ ಬಿಟ್ಟು ಅಳೆದಾಗ ಬಂದ ಅಳತೆ ಇದು. ಆಮೇಲೆ ಜಗತ್ತೆಲ್ಲ ಅದನ್ನೇ ಹಿಡಿಯಿತು. ಟಿ-55ರ ಒಡಲು ಸುಮಾರು ಆರೂವರೆ ಮೀಟರ್ ಉದ್ದ. 35ರಿಂದ ಭಾಗಿಸಿದರೆ ಹದಿನೆಂಟೂವರೆ ಸೆಂಟಿಮೀಟರ್. ಈಗ ನಿಜ ಟ್ಯಾಂಕಿನ ಪಟ್ಟೆಯ ಮಂಜು ಅಂಚು ಏಳು ಸೆಂಟಿಮೀಟರ್ ಅಗಲ ಇದೆ ಎಂದುಕೊಳ್ಳಿ. ಮಾದರಿಯಲ್ಲಿ ಅದು ಎಷ್ಟು? ಎರಡೇ ಮಿಲಿಮೀಟರ್. ಕೈಯಲ್ಲೇ ಹೊಡೆದು ಅಂಚು ಒಂದು ಸೆಂಟಿಮೀಟರ್ ಹರಡಿಕೊಂಡರೆ ನಿಜ ಟ್ಯಾಂಕಿನ ಮೇಲೆ ಅದು 35 ಸೆಂಟಿಮೀಟರ್ ಆದಂತೆ. ನೋಡಿದ ಕೂಡಲೇ ಆಟಿಕೆ ಎಂದು ಗೊತ್ತಾಗುತ್ತದೆ. ಟೇಪಿನ ಅಂಚಿನಲ್ಲಿ ಬಣ್ಣ ದಪ್ಪ ಕೂತು 0.1 ಮಿಲಿಮೀಟರ್ ಮೆಟ್ಟಿಲಾದರೂ ಅದು ನಿಜದಲ್ಲಿ ಮೂರೂವರೆ ಮಿಲಿಮೀಟರಿನ ಏಣು. ಎರಡು ಮಿಲಿಮೀಟರ್ ಮಂಜು ಬರಬೇಕು, ಏಣು ಬರಬಾರದು. ಮಾದರಿಯವರ ತಂತ್ರಗಳೆಲ್ಲ ಇದಕ್ಕಾಗಿ.

ಮೊದಲು ಮೈ ತೊಳೆಯಬೇಕು. ಪ್ಲಾಸ್ಟಿಕ್ಕಿನ ಮೇಲೆ ಅಚ್ಚಿನ ಎಣ್ಣೆ, ಕೈ ಜಿಡ್ಡು ಇದ್ದರೆ ಟೇಪಿನ ಜೊತೆ ಬಣ್ಣವೂ ಏಳುತ್ತದೆ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ ಪ್ರೈಮರ್ ಹಾಕಬೇಕು. ನಮ್ಮ ಶೆಡ್ಡಿನ ಎನ್‌ಸಿ ಥಿನ್ನರನ್ನು ಇಲ್ಲಿ ತರಬೇಡಿ, ಅದು ಈ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ನೀರಿನ ಅಕ್ರಿಲಿಕ್ ಬಣ್ಣ ಸಾಕು. ಆಮೇಲೆ ತಿಳಿ ಬಣ್ಣ ಮೊದಲು, ಗಾಢ ಬಣ್ಣ ನಂತರ. ಮರಳು ಬಣ್ಣದ ಮೇಲೆ ಹಸಿರು ಒಂದೇ ತೆಳು ಕೋಟಿಗೆ ಮುಚ್ಚುತ್ತದೆ. ಹಸಿರಿನ ಮೇಲೆ ಮರಳು ಬಣ್ಣ ಕೂರಲು ನಾಲ್ಕು ಕೋಟು ಬೇಕು, ಏಣು ಖಾತ್ರಿ. ಒಂದು ಬಣ್ಣದ ಮೇಲೆ ಮರೆ ಕಟ್ಟುವ ಮುಂಚೆ ಅದು ಪೂರ್ತಿ ಒಣಗಬೇಕು. ಮುಟ್ಟಿದರೆ ಅಂಟದಿದ್ದರೆ ಒಣಗಿದೆ ಎಂದಲ್ಲ. ನಾನು ಒಂದು ರಾತ್ರಿ ಬಿಡುತ್ತೇನೆ. ಆಮೇಲೆ ಪೆನ್ಸಿಲಿನಲ್ಲಿ ನವುರಾಗಿ ಪಟ್ಟೆಯ ಗೆರೆ ಹಾಕಿಕೊಳ್ಳುತ್ತೇನೆ. ನಿಜ ವಾಹನಗಳಿಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದು ತುಂಬುವ ಪದ್ಧತಿ ಇದೆ.

ಚೂಪು ಅಂಚಿಗೆ ಟೇಪು. ಟೇಪಿನ ಅಂಟು ಜಾಸ್ತಿ ಎನಿಸಿದರೆ ಒಂದೆರಡು ಸಲ ಅಂಗೈಗೆ ಅಂಟಿಸಿ ತೆಗೆಯಿರಿ, ಅಂಟು ಇಳಿಯುತ್ತದೆ. ಅಂಗಡಿಯ ಟೇಪಿನ ಅಂಚು ಸುರುಳಿಯಲ್ಲಿ ಧೂಳು ಹಿಡಿದಿರುತ್ತದೆ. ಗಾಜಿನ ಮೇಲೆ ಅಂಟಿಸಿ ಸ್ಕೇಲು ಇಟ್ಟು ಹೊಸ ಬ್ಲೇಡಿನಲ್ಲಿ ಹೊಸ ಅಂಚು ಕೊಯ್ದುಕೊಳ್ಳಿ. ತಿರುವಿಗೆ ಎರಡು ಮಿಲಿಮೀಟರ್ ಅಗಲದ ಎಳೆಗಳಾಗಿ ಕೊಯ್ದರೆ ಬಳುಕುತ್ತದೆ. ಅಂಟಿಸಿದ ಮೇಲೆ ಹಲ್ಲುಕಡ್ಡಿಯ ಮೊಂಡು ತುದಿಯಲ್ಲಿ ಅಂಚನ್ನು ಒತ್ತಬೇಕು. ಒತ್ತಿದರೂ ಟೇಪಿನ ಕೆಳಗೆ ಕೂದಲೆಳೆಯಷ್ಟು ಸಂದು ಉಳಿದು, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಬಣ್ಣವನ್ನು ಒಳಗೆ ಎಳೆಯುತ್ತದೆ. ಅದಕ್ಕೆ ಉಪಾಯ ಏನೆಂದರೆ, ಹಸಿರು ಹೊಡೆಯುವ ಮುಂಚೆ ಅದೇ ಅಂಚಿಗೆ ಕೆಳಗಿನ ಮರಳು ಬಣ್ಣವನ್ನೇ ಒಂದು ತೆಳು ಕೋಟು ಹೊಡೆಯುವುದು. ಸಂದಿಗೆ ಹೋಗುವ ಬಣ್ಣ ಮರಳು ಬಣ್ಣವೇ ಆಗಿ ಸಂದು ಮುಚ್ಚುತ್ತದೆ, ಹೋದದ್ದು ಕಾಣುವುದಿಲ್ಲ. ಆಮೇಲೆ ಹಸಿರು ಹೊಡೆದರೆ ಅಂಚು ಶುದ್ಧ. ಈ ಉಪಾಯ ಟ್ರೇಲರಿಗೂ ನಡೆಯುತ್ತದೆ, ಗೋಡೆಗೂ ನಡೆಯುತ್ತದೆ.

ಮಂಜು ಅಂಚಿಗೆ ಮೆತ್ತನೆಯ ಅಂಟು. ಗೋಡೆಗೆ ಚಿತ್ರ ಅಂಟಿಸಲು ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಮತ್ತೆ ಮತ್ತೆ ಬಳಸಬಹುದಾದ ಮುದ್ದೆ ಇದೆಯಲ್ಲ, ಅದನ್ನು ಶಾವಿಗೆಯ ಹಾಗೆ ಹೊಸೆಯಬೇಕು. ಮೂರು ಮಿಲಿಮೀಟರ್ ದಪ್ಪ ಸಾಕು. ಹೊಸೆಯಲು ನಮ್ಮನೆಯವರು ನನಗಿಂತ ಚುರುಕು. ಆ ಎಳೆಯನ್ನು ಪೆನ್ಸಿಲ್ ಗೆರೆಯ ಮೇಲೆ ಕೂರಿಸಿ, ಒಳಗಿನ ಜಾಗವನ್ನು ಟೇಪು ಕಾಗದದಿಂದ ಮುಚ್ಚಿ, ಗನ್ನನ್ನು ಮೈಗೆ ನೇರವಾಗಿ ಹಿಡಿದು ಹೊಡೆಯಬೇಕು. ಎಳೆ ದುಂಡಗಿದ್ದು ಅದರ ಹೊಟ್ಟೆ ಹೊರಗೆ ಬಾಗಿರುವುದರಿಂದ ಬುಡದಲ್ಲಿ ಬಣ್ಣದ ಹನಿ ಕಡಿಮೆ ಬಿದ್ದು ಅಂಚು ತಾನಾಗಿ ಮಂಜಾಗುತ್ತದೆ. ಎಳೆ ದಪ್ಪವಾದಷ್ಟೂ ಮಂಜು ಹೆಚ್ಚು. ಗನ್ ಓರೆಯಾದರೆ ಒಂದು ಕಡೆ ಅಂಚು ಚೂಪು, ಇನ್ನೊಂದು ಕಡೆ ಕದಡು. ಮಕ್ಕಳು ಆಡುವ ಬಣ್ಣದ ಜೇಡಿ ಬೇಡ, ಅದರಲ್ಲಿ ಎಣ್ಣೆ ಇರುವುದರಿಂದ ಜಿಡ್ಡು ಉಳಿದು ಮುಂದಿನ ಬಣ್ಣ ಹಿಡಿಯುವುದಿಲ್ಲ.

ಇನ್ನೊಂದು ದಾರಿ ಕಾಗದದ್ದು. ಪಟ್ಟೆಯ ಆಕಾರವನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, ಹಿಂಬದಿಗೆ ಸುರುಳಿ ಮಾಡಿದ ಟೇಪಿನ ಚಿಕ್ಕ ಉಂಡೆ ಇಟ್ಟು, ಮೈಯಿಂದ ಒಂದು ಮಿಲಿಮೀಟರ್ ಮೇಲೆ ನಿಲ್ಲಿಸುವುದು. ಕಾಗದ ಎತ್ತರವಾದಷ್ಟೂ ಅಂಚು ಮಂಜು. ಚಪ್ಪಟೆ ಬದಿಗೆ ಇದು ಸುಲಭ. ಗೋಪುರದಂಥ ದುಂಡು ಮೈಗೆ ಮುದ್ದೆಯ ಎಳೆಯೇ ಸರಿ. ಗಾಲಿಯ ಸುತ್ತಿನ ರಬ್ಬರು, ಗಾಜು, ದೀಪ ಇಂಥ ಸಣ್ಣ ಜಾಗಕ್ಕೆ ಬ್ರಷ್ಷಿನಲ್ಲಿ ಹಚ್ಚಿ ಒಣಗಿದ ಮೇಲೆ ಸಿಪ್ಪೆಯಂತೆ ಎತ್ತುವ ರಬ್ಬರಿನ ದ್ರವ ಸಿಗುತ್ತದೆ. ಆ ಬ್ರಷ್ಷನ್ನು ಮೊದಲು ಸೋಪಿನ ನೀರಲ್ಲಿ ಅದ್ದದಿದ್ದರೆ ಕೂದಲು ಗಟ್ಟಿಯಾಗಿ ಬ್ರಷ್ಷು ಎಸೆಯಬೇಕಾಗುತ್ತದೆ.

ಹೊಡೆಯುವಾಗ ಒತ್ತಡ ಹದಿನೈದರಿಂದ ಇಪ್ಪತ್ತು ಪೌಂಡು ಸಾಕು. ಬಣ್ಣ ಹಾಲಿನಷ್ಟು ತೆಳು ಇರಲಿ. ಒಂದೇ ಸಲ ಮುಚ್ಚುವ ಆಸೆ ಬೇಡ, ಮೂರು ತೆಳು ಕೋಟು ಹೊಡೆಯಿರಿ. ನಮ್ಮ ದಾವಣಗೆರೆ ಹರಿಹರದ ಏಪ್ರಿಲ್ ಬಿಸಿಲಲ್ಲಿ ಗನ್ ದೂರ ಹಿಡಿದರೆ ಹನಿ ಗಾಳಿಯಲ್ಲೇ ಒಣಗಿ ಮೈಮೇಲೆ ರವೆ ಉದುರಿದ ಹಾಗೆ ಕೂರುತ್ತದೆ. ಬೆಳಿಗ್ಗೆ ತಂಪು ಹೊತ್ತು ಒಳ್ಳೆಯದು. ಮರೆ ಬಿಚ್ಚುವುದಕ್ಕೂ ಹೊತ್ತಿದೆ. ಬಣ್ಣ ಕಲ್ಲಾಗುವ ಮುಂಚೆ, ಆದರೆ ಹರಿಯದಷ್ಟು ಒಣಗಿದ ಮೇಲೆ ಬಿಚ್ಚಬೇಕು. ಟೇಪನ್ನು ಮೇಲಕ್ಕೆ ಎಳೆಯಬಾರದು. ತುದಿಯನ್ನು ಅದರ ಬೆನ್ನ ಮೇಲೇ ಮಡಚಿ, ಮೈಗೆ ಒರಗಿಸಿಕೊಂಡು ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ಹೊಸದಾಗಿ ಕೆಲಸ ಕಲಿಯುವ ಹುಡುಗರ ಮುಖ ನೋಡಬೇಕು ಆಗ. ಕೊಳಕು ಕಾಗದದ ಮುದ್ದೆಯ ಒಳಗಿಂದ ಪಟ್ಟೆ ಹೊರಬರುವ ಆ ಗಳಿಗೆಗಾಗಿಯೇ ಈ ಕೆಲಸ ಮಾಡಬೇಕು ಅನಿಸುತ್ತದೆ.

ಇಷ್ಟು ಹೊತ್ತು ಟ್ಯಾಂಕಿಗೆ ಮರೆ ಕಟ್ಟುವುದನ್ನು ಹೇಳಿದೆ. ಮನುಷ್ಯನಿಗೆ ಮರೆ ಕಟ್ಟುವುದನ್ನು ಹೇಳದೆ ಇಳಿದರೆ ನಾನು ಈ ಶಾಲೆಗೆ ಬಂದದ್ದು ದಂಡ. ಇಲ್ಲಿ ಹತ್ತನೇ ತರಗತಿ ಮುಗಿಸಿ, ಮುಂದೆ ಓದಲಾಗದೆ ಶೆಡ್ಡುಗಳ ಕಡೆ ಬರುವ ಹುಡುಗರು ಪ್ರತಿ ವರ್ಷ ಇದ್ದಾರೆ. ಬರಲಿ, ಕೈಕೆಲಸ ಕೀಳಲ್ಲ, ನನ್ನ ಮನೆ ನಡೆದದ್ದು ಅದರಿಂದಲೇ. ಆದರೆ ಗನ್ ಹಿಡಿದವನ ಮೂಗಿಗೆ ಕಟ್ಟಿರುವುದು ಏನು ಎಂದು ನೋಡಿದ್ದೀರಾ? ಕರ್ಚೀಫು. ಅದು ಧೂಳನ್ನೂ ಸರಿಯಾಗಿ ತಡೆಯುವುದಿಲ್ಲ, ಆವಿಯನ್ನಂತೂ ತಡೆಯುವುದೇ ಇಲ್ಲ. ಈಗ ಕಾರಿಗೂ ಬಸ್ಸಿಗೂ ಹೊಡೆಯುವ 2ಕೆ ಪಿಯು ಬಣ್ಣಕ್ಕೆ ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಸ್ತು ಇದೆ. ಅದು ಉಬ್ಬಸ ತರುತ್ತದೆ. ಒಮ್ಮೆ ಮೈ ಅದಕ್ಕೆ ಒಗ್ಗದಂತಾದರೆ ಆಮೇಲೆ ಚೂರೇ ಚೂರು ಆವಿ ತಾಗಿದರೂ ಉಸಿರು ಕಟ್ಟುತ್ತದೆ. ನನ್ನ ಜೊತೆ ಕೆಲಸ ಕಲಿತ ಗೆಳೆಯನೊಬ್ಬ ನನಗಿಂತ ಒಳ್ಳೆಯ ಕೈ. ನಲವತ್ತು ತುಂಬುವ ಮುಂಚೆ ಗನ್ ಕೆಳಗಿಟ್ಟ. ಅವನು ದುಡಿದ ಶೆಡ್ಡಿನಲ್ಲಿ ಕಿಟಕಿಯೂ ಇರಲಿಲ್ಲ, ಮಾಸ್ಕೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಈಗ ಅವನಿಗೆ ಪಕ್ಕದ ಮನೆಯ ಗೇಟಿಗೆ ಬಣ್ಣ ಹಚ್ಚಿದರೂ ಊರು ಬಿಟ್ಟು ಹೋಗಬೇಕು.

ತಂದೆತಾಯಂದಿರಲ್ಲಿ ಕೈಮುಗಿದು ಹೇಳುತ್ತೇನೆ. ಹದಿನೆಂಟು ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂದು ಕಾನೂನಿದೆ. ತುಂಬಿದ ಮೇಲೆ ಕಳಿಸುವುದಾದರೂ ದಿನಗೂಲಿ ಎಷ್ಟು ಎಂದು ಕೇಳುವ ಮುಂಚೆ, ಇದ್ದಿಲಿನ ಕ್ಯಾನಿಸ್ಟರ್ ಇರುವ ಮಾಸ್ಕು ಕೊಡುತ್ತೀರಾ, ಗಾಳಿ ಹೊರಹಾಕುವ ಫ್ಯಾನ್ ಇದೆಯಾ ಎಂದು ಕೇಳಿ. 2ಕೆ ಹೊಡೆಯುವ ಕಡೆ ಕೊಳವೆಯಲ್ಲಿ ಹೊರಗಿನ ಶುದ್ಧ ಗಾಳಿ ಬರುವ ಮುಸುಕೇ ಆಗಬೇಕು. ಕೇಳಿದರೆ ಕೆಲಸ ಕೊಡುವುದಿಲ್ಲ ಎನ್ನುವ ಭಯ ಇರುತ್ತದೆ, ನನಗೆ ಗೊತ್ತು. ಒಬ್ಬ ಕೇಳಿದರೆ ಕೊಡುವುದಿಲ್ಲ, ಊರೇ ಕೇಳಿದರೆ ಕೊಡಲೇಬೇಕು. ಮಾದರಿಗೆ ನೀರಿನ ಬಣ್ಣ ಹೊಡೆಯುವಾಗಲೂ ನಾನು ಮಾಸ್ಕು ಹಾಕುತ್ತೇನೆ, ಕಿಟಕಿ ತೆರೆಯುತ್ತೇನೆ. ಸಣ್ಣ ಕೆಲಸದಲ್ಲಿ ಬಂದ ರೂಢಿ ದೊಡ್ಡ ಕೆಲಸದಲ್ಲಿ ಕಾಯುತ್ತದೆ.

ಬೆಳಿಗ್ಗೆ ಸಮಾಜ ವಿಜ್ಞಾನದ ಮೇಡಂ ನನ್ನನ್ನು ಕೇಳಿದರು, "ಮಕ್ಕಳ ಮುಂದೆ ಯುದ್ಧದ ಯಂತ್ರ ಯಾಕೆ ಇಡಬೇಕಿತ್ತು, ಬೇರೆ ಏನಾದರೂ ಮಾಡಬಹುದಿತ್ತಲ್ಲ?" ನ್ಯಾಯವಾದ ಪ್ರಶ್ನೆ. ನಮ್ಮೂರಿನಿಂದ ಸೇನೆಗೆ ಹೋಗಿ ಬಂದವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರಲ್ಲೊಬ್ಬರು ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತು ಒಂದೇ ಮಾತು ಹೇಳಿದರು: "ಇದರೊಳಗೆ ನಾಲ್ಕು ಜನ ಕೂತಿರ್ತಾರಪ್ಪ." ಟಿ-55ರಲ್ಲಿ ಕೂರುವವರು ನಾಲ್ಕೇ ಜನ. ಈ ಬಣ್ಣ ಗುಂಡು ಹಾರಿಸುವುದಿಲ್ಲ. ಶತ್ರುವಿನ ಕಣ್ಣು ಒಂದು ಗಳಿಗೆ ತಡವರಿಸಿದರೆ ಆ ನಾಲ್ವರು ಮನೆಗೆ ಬರುತ್ತಾರೆ. ಮಾದರಿ ಮಾಡುವಾಗ ನನ್ನ ಮನಸ್ಸಿನಲ್ಲಿ ಇರುವುದು ಅವರೇ. ಮೇಡಂ ಅವರಿಗೆ ಇದು ಪೂರ್ತಿ ಒಪ್ಪಿಗೆ ಆಗದಿರಬಹುದು. ಆಗ ಮಕ್ಕಳು ಕೊಂಡುಕುರಿಯ ಮಾದರಿ ಮಾಡಲಿ. ಪಾಠ ಅದೇ, ಬಣ್ಣ ಅದೇ, ಮಂಜು ಅಂಚೂ ಅದೇ.

ಕೊನೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟುವ ಮಾತು ನಡೆದಿದೆ, ಕಟ್ಟೋಣ. ಅದರ ಜೊತೆಗೆ ಚಿತ್ರಕಲಾ ಕೊಠಡಿಯಲ್ಲಿ ಉದ್ದನೆಯ ಒಂದು ಕೆಲಸದ ಮೇಜು, ಸಣ್ಣ ಕಂಪ್ರೆಸರು, ಎರಡು ಚಿಕ್ಕ ಗನ್ನು, ಗೋಡೆಗೊಂದು ಎಕ್ಸಾಸ್ಟ್ ಫ್ಯಾನು, ಹತ್ತು ಒಳ್ಳೆಯ ಮಾಸ್ಕು ಇಡೋಣ. ಮೇಜು ಮತ್ತು ಕಂಪ್ರೆಸರು ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ. ಉಳಿದದ್ದನ್ನು ನನ್ನ ಬ್ಯಾಚಿನವರು ಹಂಚಿಕೊಳ್ಳುತ್ತಾರೆಂದು ಅವರನ್ನು ಕೇಳದೆಯೇ ಹೇಳುತ್ತಿದ್ದೇನೆ, ಬೇಡ ಎನ್ನುವವರು ಈಗಲೇ ಕೈ ಎತ್ತಬಹುದು. ಗುರುಗಳು ಒಪ್ಪಿದರೆ ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ನಾನೇ ಬಂದು ಹೇಳಿಕೊಡುತ್ತೇನೆ. ಟೇಪು ಕೊಯ್ಯುವುದರಿಂದಲೇ ಶುರು ಮಾಡೋಣ.

ನಮ್ಮ ಶಾಲೆ ನೂರು ಕಾಣಲಿ.